ಮೊದಲು ಫ್ರೇಮು, ಕೊನೆಗೆ ಬಾಟಮ್ ಬ್ರ್ಯಾಕೆಟ್: ಸಿಂಗಲ್‌ಸ್ಪೀಡ್ ಸೈಕಲ್ಲಿಗೆ ಬಿಡಿಭಾಗ ಹೊಂದಿಸುವ ಕ್ರಮ

ಗೇರುಗಳಿರುವ ಸೈಕಲ್ಲಿನ ಹಿಂಬದಿಯ ಡಿರೈಲರ್ ಎರಡು ಕೆಲಸ ಮಾಡುತ್ತದೆ. ಚೈನನ್ನು ಹಿಂಚಕ್ರದ ಒಂದು ಹಲ್ಲುಚಕ್ರದಿಂದ, ಅಂದರೆ ಸ್ಪ್ರಾಕೆಟ್ಟಿನಿಂದ, ಇನ್ನೊಂದಕ್ಕೆ ದಾಟಿಸುವುದು ಕಣ್ಣಿಗೆ ಕಾಣುವ ಕೆಲಸ. ಚೈನಿನಲ್ಲಿ ಉಳಿದ ಸಡಿಲವನ್ನು ಎಳೆದು ಹಿಡಿದು, ಮುಂದೆ ಪೆಡಲಿನ ಬಳಿಯ ಹಲ್ಲುಚಕ್ರವಾದ ಚೈನ್‌ರಿಂಗಿಗೂ ಹಿಂದಿನ ಸ್ಪ್ರಾಕೆಟ್ಟಿಗೂ ನೇರ ತಪ್ಪಿದ್ದರೆ ಅದನ್ನೂ ಸಹಿಸಿಕೊಂಡು ಚೈನು ಕಳಚದಂತೆ ನೋಡಿಕೊಳ್ಳುವುದು ನಮ್ಮ ಗಮನಕ್ಕೆ ಬಾರದ ಕೆಲಸ. ಎಲ್ಲರ ತಪ್ಪನ್ನೂ ಹೊಟ್ಟೆಗೆ ಹಾಕಿಕೊಂಡು ಮನೆ ನಡೆಸುವ ಹಿರಿಯನ ಹಾಗೆ ಅದು. ಒಂದೇ ಗೇರಿನ ಸೈಕಲ್ಲು, ಅಂದರೆ ಸಿಂಗಲ್‌ಸ್ಪೀಡ್ ಕಟ್ಟಲು ಹೊರಟವರು ಮೊದಲು ಕಿತ್ತುಹಾಕುವುದು ಅದನ್ನೇ. ಆಮೇಲೆ ಒಂದೊಂದು ಭಾಗದ ತಪ್ಪೂ ನೇರವಾಗಿ ಚೈನಿನ ಮೇಲೆ ಬೀಳುತ್ತದೆ. ಒಂದೇ ಗೇರಿನ ಸೈಕಲ್ಲು ಸರಳವಾದದ್ದು ಎಂಬ ಮಾತು ಓಡಿಸುವವರಿಗೆ ನಿಜ, ಜೋಡಿಸುವವರಿಗೆ ಅಷ್ಟಾಗಿ ನಿಜವಲ್ಲ.

ಈ ಉಪನ್ಯಾಸದಲ್ಲಿ ನಾನು ಹೇಳಹೊರಟಿರುವುದು ಮುಖ್ಯವಾಗಿ ಒಂದು ಕ್ರಮವನ್ನು. ಬದಲಿಸಲಾಗದ ಭಾಗದಿಂದ ಆರಂಭಿಸಿ, ಸುಲಭವಾಗಿ ಬದಲಿಸಬಹುದಾದ ಭಾಗವನ್ನು ಕೊನೆಗೆ ಕೊಳ್ಳಬೇಕು. ಫ್ರೇಮು ಬದಲಾಗುವುದಿಲ್ಲ, ಆದ್ದರಿಂದ ಅದು ಮೊದಲು. ಆಮೇಲೆ ಹಿಂದಿನ ಹಬ್ (ಚಕ್ರದ ಗುಂಬ), ಅದರ ಮೇಲೆ ಸ್ಪ್ರಾಕೆಟ್, ಅದಕ್ಕೆ ತಕ್ಕ ಚೈನು, ಆ ಚೈನಿಗೆ ತಕ್ಕ ಚೈನ್‌ರಿಂಗ್ ಮತ್ತು ಪೆಡಲು ಕೂರುವ ತೋಳಾದ ಕ್ರ್ಯಾಂಕ್, ಎಲ್ಲಕ್ಕಿಂತ ಕೊನೆಗೆ ಕ್ರ್ಯಾಂಕು ತಿರುಗುವ ಬೇರಿಂಗಿನ ಭಾಗವಾದ ಬಾಟಮ್ ಬ್ರ್ಯಾಕೆಟ್. ಹೆಚ್ಚಿನವರು ಹೊಳೆಯುವ ಕ್ರ್ಯಾಂಕನ್ನು ನೋಡಿ ಅಲ್ಲಿಂದಲೇ ಶುರು ಮಾಡುತ್ತಾರೆ. ಹಾಗೆ ಮಾಡಿದರೆ ಉಳಿದ ಪ್ರತಿಯೊಂದು ಭಾಗವನ್ನೂ ಕ್ರ್ಯಾಂಕಿಗೆ ಒಗ್ಗಿಸಬೇಕಾಗುತ್ತದೆ, ಫ್ರೇಮು ಮಾತ್ರ ಅದಕ್ಕೆ ಒಗ್ಗುವುದಿಲ್ಲ.

ಫ್ರೇಮಿನಲ್ಲಿ ಮೊದಲು ನೋಡಬೇಕಾದದ್ದು ಹಿಂಚಕ್ರದ ಆಕ್ಸಲ್ ಕೂರುವ ಸೀಳುಗಳನ್ನು, ಅಂದರೆ ಡ್ರಾಪ್‌ಔಟ್‌ಗಳನ್ನು. ಸೀಳು ಹಿಂದಕ್ಕೆ ತೆರೆದಿದ್ದರೆ ಅದು ಟ್ರ್ಯಾಕ್ ಸೈಕಲ್ಲಿನ ಮಾದರಿ. ಮುಂದಕ್ಕೆ ಓರೆಯಾಗಿ ತೆರೆದಿದ್ದರೆ ಹಳೆಯ ರೋಡ್ ಸೈಕಲ್ಲುಗಳ ಅಡ್ಡ ಡ್ರಾಪ್‌ಔಟ್. ಇವೆರಡರಲ್ಲೂ ಚಕ್ರವನ್ನು ಹಿಂದಕ್ಕೆ ಎಳೆದು ಚೈನನ್ನು ಬಿಗಿ ಮಾಡಬಹುದು. ಸೀಳು ನೇರ ಕೆಳಮುಖವಾಗಿದ್ದರೆ ಚಕ್ರ ಹಿಂದೆ ಮುಂದೆ ಸರಿಯುವುದಿಲ್ಲ, ಚೈನನ್ನು ಬಿಗಿ ಮಾಡಲು ಬೇರೆ ದಾರಿ ಹುಡುಕಬೇಕು.

ಎಷ್ಟು ಸರಿದಾಟ ಬೇಕು ಎಂಬುದನ್ನು ಲೆಕ್ಕ ಹಾಕಿ ನೋಡೋಣ. ಸೈಕಲ್ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಅಂತರ. ಚೈನಿನ ಕೊಂಡಿಗಳಲ್ಲಿ ಒಂದು ಅಗಲವಾದದ್ದು, ಒಂದು ಕಿರಿದಾದದ್ದು. ಆದ್ದರಿಂದ ಸಾಮಾನ್ಯ ಚೈನನ್ನು ಜೋಡಿ ಕೊಂಡಿಗಳ ಲೆಕ್ಕದಲ್ಲಿ, ಒಂದೊಂದು ಇಂಚಿನಂತೆ ಮಾತ್ರ ಕತ್ತರಿಸಲು ಸಾಧ್ಯ. ಚೈನು ಒಂದು ಇಂಚು ಉದ್ದವಾದರೆ ಆ ಉದ್ದ ಮೇಲಿನ ಎಳೆಗೂ ಕೆಳಗಿನ ಎಳೆಗೂ ಹಂಚಿಹೋಗಿ, ಆಕ್ಸಲ್ 12.7 ಮಿ.ಮೀ. ಹಿಂದಕ್ಕೆ ಹೋಗುತ್ತದೆ. ಅಷ್ಟು ಸರಿದಾಟವಿರುವ ಫ್ರೇಮಿಗೆ ಯಾವ ಹಲ್ಲುಗಳ ಜೋಡಿಯನ್ನಾದರೂ ಹಾಕಬಹುದು. ಮುಂದೆ ಅಥವಾ ಹಿಂದೆ ಒಂದು ಹಲ್ಲು ಹೆಚ್ಚಾದರೆ ಆಕ್ಸಲ್ ಸುಮಾರು 3.2 ಮಿ.ಮೀ. ಮುಂದಕ್ಕೆ ಬರುತ್ತದೆ ಎಂಬುದೂ ಇದೇ ಲೆಕ್ಕದ ಇನ್ನೊಂದು ಮುಖ. ಒಂದೇ ಚೈನಿನಲ್ಲಿ 16 ಮತ್ತು 18 ಹಲ್ಲಿನ ಎರಡು ಸ್ಪ್ರಾಕೆಟ್‌ಗಳನ್ನು ಅದಲುಬದಲು ಮಾಡಬೇಕೆನ್ನುವವರು ಆರೂವರೆ ಮಿ.ಮೀ.ನಷ್ಟು ಜಾಗವನ್ನು ಮೀಸಲಿಡಬೇಕು. ಚಕ್ರ ಹೀಗೆ ಸರಿದಾಗ ಟೈರು ಫ್ರೇಮಿಗೆ ತಾಗದಂತೆಯೂ ಬ್ರೇಕಿನ ಪ್ಯಾಡು ರಿಮ್ಮಿನ ಮೇಲೆಯೇ ಕೂರುವಂತೆಯೂ ಇರಬೇಕು ಎಂಬುದನ್ನು ಮರೆಯಬೇಡಿ.

ನೇರ ಡ್ರಾಪ್‌ಔಟ್ ಇರುವ ಫ್ರೇಮಿಗೆ ಕೆಲವರು ಒಂದು ಉಪಾಯ ಹೇಳುತ್ತಾರೆ: ಲೆಕ್ಕ ಹಾಕಿ, ಚೈನು ತಾನಾಗಿಯೇ ಬಿಗಿಯಾಗಿ ಕೂರುವಂಥ ಹಲ್ಲುಗಳ ಜೋಡಿಯನ್ನು ಆರಿಸಿಕೊಳ್ಳಿ ಎಂದು. ಕಾಗದದ ಮೇಲೆ ಇದು ಚೆನ್ನಾಗಿದೆ. ಆದರೆ 100 ಕೊಂಡಿಗಳ ಚೈನಿನ ಉದ್ದ 1,270 ಮಿ.ಮೀ.; ಸವೆದು ಅದು ಶೇ. 0.5ರಷ್ಟು ಉದ್ದವಾಯಿತೆಂದರೆ 6.35 ಮಿ.ಮೀ. ಹೆಚ್ಚಾಯಿತು. ಆ ಸಡಿಲವೆಲ್ಲ ಕೆಳಗಿನ ಎಳೆಗೆ ಬಂದರೆ, ಕ್ರ್ಯಾಂಕಿನ ಕೇಂದ್ರಕ್ಕೂ ಹಿಂಚಕ್ರದ ಕೇಂದ್ರಕ್ಕೂ ನಡುವೆ 410 ಮಿ.ಮೀ. ಅಂತರವಿರುವ ಫ್ರೇಮಿನಲ್ಲಿ ಚೈನಿನ ನಡುಭಾಗವನ್ನು ಮೂರೂವರೆ ಸೆಂ.ಮೀ. ಕೆಳಕ್ಕೆ ಎಳೆಯಬಹುದು. ಬದಲಿಸುವಷ್ಟು ಸವೆಯದ ಚೈನು ಕೂಡ ಅಷ್ಟು ಹೊತ್ತಿಗೆ ಕಳಚಿ ಬೀಳತೊಡಗಿರುತ್ತದೆ. ಆದ್ದರಿಂದ ಈ ಉಪಾಯವನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಕೇಂದ್ರ ತಪ್ಪಿಸಿ ಕೂರಿಸಿದ ಎಕ್ಸೆಂಟ್ರಿಕ್ ಬಾಟಮ್ ಬ್ರ್ಯಾಕೆಟ್ ಅಥವಾ ಅದೇ ತತ್ತ್ವದ ಹಿಂಬದಿಯ ಹಬ್ ಉತ್ತಮ. ಚೈನನ್ನು ಒತ್ತಿ ಹಿಡಿಯುವ ಸ್ಪ್ರಿಂಗಿನ ಟೆನ್ಷನರ್ ಎಲ್ಲಕ್ಕಿಂತ ಸುಲಭ, ಆದರೆ ಅದು ತುಳಿಯುವುದನ್ನು ನಿಲ್ಲಿಸಿದರೂ ಚಕ್ರ ತಿರುಗಲು ಬಿಡುವ ಫ್ರೀವೀಲ್ ಇರುವ ಸೈಕಲ್ಲಿಗೆ ಮಾತ್ರ. ಚಕ್ರದೊಡನೆ ಪೆಡಲೂ ಸದಾ ತಿರುಗುವ ಫಿಕ್ಸೆಡ್ ಗೇರಿನಲ್ಲಾಗಲಿ, ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಡಿಯುವ ಕೋಸ್ಟರ್ ಬ್ರೇಕಿನಲ್ಲಾಗಲಿ ಕೆಳಗಿನ ಎಳೆಯ ಮೇಲೂ ಪೂರ್ತಿ ಬಲ ಬೀಳುತ್ತದೆ. ಅಲ್ಲಿ ಟೆನ್ಷನರ್ ಮುರಿಯುತ್ತದೆ ಇಲ್ಲವೇ ತಿರುಚಿಕೊಂಡು ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ.

ಇನ್ನು ಹಿಂಬದಿಯ ಎರಡು ಡ್ರಾಪ್‌ಔಟ್‌ಗಳ ಒಳಮುಖಗಳ ನಡುವಣ ಅಗಲ. ಬಿಎಂಎಕ್ಸ್ ಸೈಕಲ್ಲುಗಳಲ್ಲಿ ಅದು 110 ಮಿ.ಮೀ., ಟ್ರ್ಯಾಕ್ ಸೈಕಲ್ಲುಗಳಲ್ಲಿ 120, ಆರೇಳು ಗೇರುಗಳ ಹಳೆಯ ರೋಡ್ ಸೈಕಲ್ಲುಗಳಲ್ಲಿ 126, ಆಮೇಲಿನ ರಿಮ್ ಬ್ರೇಕಿನ ರೋಡ್ ಸೈಕಲ್ಲುಗಳಲ್ಲಿ 130, ಹಿಂದಿನ ತಲೆಮಾರಿನ ಮೌಂಟನ್ ಬೈಕುಗಳಲ್ಲಿ 135. ಹಬ್ಬಿನ ಎರಡು ತುದಿಯ ಲಾಕ್‌ನಟ್‌ಗಳ ಹೊರಮುಖಗಳ ನಡುವಣ ಅಳತೆಯೂ ಇದೇ ಆಗಿರಬೇಕು. ಹಿಂದಿನ ಸಾಲಿನಿಂದ ಒಬ್ಬರು ಈಗ ಕೇಳಿದರು: 130ರ ಫ್ರೇಮಿಗೆ 120ರ ಹಬ್ ಇಟ್ಟು ನಟ್ಟು ಬಿಗಿದರೆ ಫ್ರೇಮು ತಾನಾಗಿ ಒತ್ತಿಕೊಂಡು ಬರುವುದಿಲ್ಲವೇ? ಬರುತ್ತದೆ, ಆದರೆ ಎರಡು ಡ್ರಾಪ್‌ಔಟ್‌ಗಳು ಸಮಾಂತರವಾಗಿ ಉಳಿಯುವುದಿಲ್ಲ, ಆಕ್ಸಲ್ ಪ್ರತಿ ಸುತ್ತಿನಲ್ಲೂ ಬಾಗಲು ಯತ್ನಿಸುತ್ತದೆ. ಅದರ ಬದಲು ಉದ್ದದ ಆಕ್ಸಲ್ ಹಾಕಿ ಎರಡೂ ಬದಿಗೆ ತಲಾ 5 ಮಿ.ಮೀ. ಸ್ಪೇಸರ್ (ಜಾಗ ತುಂಬುವ ಬಳೆ) ಸೇರಿಸಿ. ಉಕ್ಕಿನ ಫ್ರೇಮನ್ನು ತಿಳಿದವರು ಬಾಗಿಸಿ ಅಗಲವನ್ನು ಶಾಶ್ವತವಾಗಿ ಹೊಂದಿಸಬಲ್ಲರು. ಅಲ್ಯೂಮಿನಿಯಂ ಮತ್ತು ಕಾರ್ಬನ್ ಫ್ರೇಮುಗಳಿಗೆ ಆ ಚಿಕಿತ್ಸೆ ಸಲ್ಲದು.

ಹಬ್‌ಗಳಲ್ಲಿ ಮೂರು ಜಾತಿ. ಮೊದಲನೆಯದು ಫ್ರೀವೀಲನ್ನು ತಿರುಗಿಸಿ ಕೂರಿಸುವ ಥ್ರೆಡ್ ಇರುವುದು. ಎರಡನೆಯದು ಫಿಕ್ಸೆಡ್ ಸ್ಪ್ರಾಕೆಟ್ಟಿನ ಹಬ್. ಇದರಲ್ಲಿ ಎರಡು ಮೆಟ್ಟಿಲಿನ ಥ್ರೆಡ್ ಇರುತ್ತದೆ. ಒಳಗಿನ ಅಗಲ ಮೆಟ್ಟಿಲಿನ ಮೇಲೆ ಸ್ಪ್ರಾಕೆಟ್ ಬಲಕ್ಕೆ ತಿರುಗಿ ಬಿಗಿಯಾಗುತ್ತದೆ, ಹೊರಗಿನ ಕಿರಿದಾದ ಮೆಟ್ಟಿಲಿನ ಮೇಲೆ ಲಾಕ್‌ರಿಂಗ್ ಎಡಕ್ಕೆ ತಿರುಗಿ ಬಿಗಿಯಾಗುತ್ತದೆ. ಪೆಡಲನ್ನು ಹಿಂದಕ್ಕೆ ಒತ್ತಿದಾಗ ಸ್ಪ್ರಾಕೆಟ್ ಬಿಚ್ಚಿಕೊಳ್ಳಲು ಯತ್ನಿಸಿದರೆ ಲಾಕ್‌ರಿಂಗ್ ಇನ್ನಷ್ಟು ಬಿಗಿಯಾಗಿ ಅದನ್ನು ತಡೆಯುತ್ತದೆ. ಮೂರನೆಯದು ಕ್ಯಾಸೆಟ್ ಹಬ್. ಇದರಲ್ಲಿ ಫ್ರೀವೀಲಿನ ಬೀಗ ಹಬ್ಬಿನಲ್ಲೇ ಸೇರಿರುತ್ತದೆ, ಸ್ಪ್ರಾಕೆಟ್ಟುಗಳು ಫ್ರೀಹಬ್ ಎಂಬ ಗೀರುಗಳಿರುವ ಉರುಳೆಯ ಮೇಲೆ ಜಾರಿ ಕೂರುತ್ತವೆ.

ಇಲ್ಲಿ ಒಂದು ಅಪಾಯವನ್ನು ಒತ್ತಿ ಹೇಳಬೇಕು. ಫ್ರೀವೀಲ್ ಥ್ರೆಡ್ಡೂ ಫಿಕ್ಸೆಡ್ ಸ್ಪ್ರಾಕೆಟ್ಟಿನ ಥ್ರೆಡ್ಡೂ ಪ್ರಚಲಿತ ಮಾನದಂಡದಲ್ಲಿ ಒಂದೇ: 1.37 ಇಂಚು ವ್ಯಾಸ, ಇಂಚಿಗೆ 24 ಸುತ್ತು. ಆದ್ದರಿಂದ ಫಿಕ್ಸೆಡ್ ಹಬ್ಬಿನ ಮೇಲೆ ಫ್ರೀವೀಲ್ ಹಾಕಬಹುದು. ಫ್ರೀವೀಲ್ ಹಿಂದಕ್ಕೆ ಬಲ ಹಾಕುವುದೇ ಇಲ್ಲವಾದ್ದರಿಂದ ಅದು ಬಿಚ್ಚಿಕೊಳ್ಳುವ ಪ್ರಶ್ನೆ ಬರುವುದಿಲ್ಲ. ಇದನ್ನು ತಿರುಗುಮುರುಗು ಮಾಡುವುದು ಮಾತ್ರ ಕೂಡದು. ಫ್ರೀವೀಲ್ ಹಬ್ಬಿನ ಮೇಲೆ ಫಿಕ್ಸೆಡ್ ಸ್ಪ್ರಾಕೆಟ್ ಕೂರುತ್ತದೆ, ಬಿಗಿಯೂ ಆಗುತ್ತದೆ, ಆದರೆ ಲಾಕ್‌ರಿಂಗಿಗೆ ಎಡಗೈ ಥ್ರೆಡ್ಡಿನ ಮೆಟ್ಟಿಲೇ ಅಲ್ಲಿಲ್ಲ. ಬಾಟಮ್ ಬ್ರ್ಯಾಕೆಟ್ಟಿನ ಲಾಕ್‌ರಿಂಗನ್ನು ಹಾಕಿ ಅಂಟು ಬಳಿಯುವವರಿದ್ದಾರೆ. ಆ ರಿಂಗೂ ಸ್ಪ್ರಾಕೆಟ್ಟಿನ ದಿಕ್ಕಿನಲ್ಲೇ ಬಿಚ್ಚುವಂಥದ್ದು. ಇಳಿಜಾರಿನಲ್ಲಿ ಕಾಲಿನಿಂದ ವೇಗ ತಗ್ಗಿಸಲು ಹೋದಾಗ ಎರಡೂ ಒಟ್ಟಿಗೆ ಬಿಚ್ಚಿಕೊಂಡರೆ ಕಾಲಿನ ಹಿಡಿತವೂ ಹೋಯಿತು, ಚೈನೂ ಚಕ್ರಕ್ಕೆ ಸಿಕ್ಕಿತು. ಫಿಕ್ಸೆಡ್ ಹಾಕಿದರೂ ಮುಂದಿನ ಬ್ರೇಕ್ ಇರಲಿ. ಫ್ರೀವೀಲ್ ಹಾಕಿದರೆ ಎರಡೂ ಬ್ರೇಕುಗಳು ಇರಲೇಬೇಕು. ಒಂದು ಬದಿಗೆ ಫಿಕ್ಸೆಡ್, ಇನ್ನೊಂದು ಬದಿಗೆ ಫ್ರೀವೀಲ್ ಇರುವ ಫ್ಲಿಪ್‌ಫ್ಲಾಪ್ ಹಬ್ ಕೊಂಡವರಿಗೂ ಇದೇ ಮಾತು.

ಹಳೆಯ ಫ್ರೆಂಚ್ ಹಬ್ ಸಿಕ್ಕಿದರೆ ಎಚ್ಚರಿಕೆ. ಅದರ ಥ್ರೆಡ್ 34.7 ಮಿ.ಮೀ., ನಮ್ಮ 1.37 ಇಂಚು ಎಂದರೆ 34.8 ಮಿ.ಮೀ. ಮೊದಲ ಸುತ್ತಿನಲ್ಲಿ ಹೊಂದಿದಂತೆಯೇ ಕಂಡು ಆಮೇಲೆ ಥ್ರೆಡ್ಡನ್ನೇ ಕೆಡಿಸುವಷ್ಟು ಹತ್ತಿರದ ಅಳತೆ ಅದು. ಇನ್ನೊಂದು ಸೂಕ್ಷ್ಮವೆಂದರೆ, 1.37 ಇಂಚಿನ ಥ್ರೆಡ್ಡಿಗೆ 16 ಹಲ್ಲಿಗಿಂತ ಚಿಕ್ಕ ಫ್ರೀವೀಲ್ ಸಿಗುವುದು ಕಷ್ಟ. ಒಳಗೆ ಗುಂಡುಗಳಿಗೂ ಬೀಗದ ಹಲ್ಲುಗಳಿಗೂ ಜಾಗ ಬೇಕಲ್ಲ. ಬಿಎಂಎಕ್ಸಿನ 14 ಹಲ್ಲಿನ ಫ್ರೀವೀಲ್‌ಗಳು 30 ಮಿ.ಮೀ. ಥ್ರೆಡ್ಡಿನ ಬೇರೆಯ ಹಬ್ಬಿಗೆ ಹೊಂದುವಂಥವು.

ಈಗ ಇಡೀ ವಿಷಯದ ತಿರುಳಿಗೆ ಬರೋಣ, ಚೈನ್‌ಲೈನಿಗೆ. ಸೈಕಲ್ಲಿನ ಮಧ್ಯರೇಖೆಯಿಂದ ಹಲ್ಲುಗಳ ಮಧ್ಯಕ್ಕೆ ಇರುವ ಅಡ್ಡ ಅಂತರವೇ ಚೈನ್‌ಲೈನ್. ಮುಂದೆ ಎಷ್ಟಿದೆಯೋ ಹಿಂದೆಯೂ ಅಷ್ಟೇ ಇರಬೇಕು. ಹಿಂದಿನದನ್ನು ಅಳೆಯುವುದು ಸುಲಭ. ಹಬ್ಬಿನ ಒಟ್ಟು ಅಗಲದ ಅರ್ಧದಿಂದ, ಬಲಬದಿಯ ಲಾಕ್‌ನಟ್ಟಿನ ಹೊರಮುಖಕ್ಕೂ ಸ್ಪ್ರಾಕೆಟ್ ಹಲ್ಲಿನ ಮಧ್ಯಕ್ಕೂ ಇರುವ ದೂರವನ್ನು ಕಳೆಯಿರಿ. 120 ಮಿ.ಮೀ. ಹಬ್ಬಿನಲ್ಲಿ ಆ ದೂರ 18 ಮಿ.ಮೀ. ಇದ್ದರೆ, 60ರಿಂದ 18 ಕಳೆದು 42 ಮಿ.ಮೀ. ಟ್ರ್ಯಾಕ್ ಹಬ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಅಳತೆ ಇದೇ. ಮುಂದಿನದಕ್ಕೆ ಸೀಟ್ ಟ್ಯೂಬಿನ ಬದಿಯಿಂದ ಚೈನ್‌ರಿಂಗ್ ಹಲ್ಲಿನ ಮಧ್ಯದವರೆಗೆ ಅಳೆದು, ಟ್ಯೂಬಿನ ವ್ಯಾಸದ ಅರ್ಧವನ್ನು ಕೂಡಿಸಿ. ಎರಡು ಉತ್ತರಗಳ ನಡುವೆ ಒಂದು ಮಿ.ಮೀ. ಒಳಗಿನ ವ್ಯತ್ಯಾಸವಿದ್ದರೆ ನಿಶ್ಚಿಂತೆಯಿಂದಿರಿ. ಎರಡು ಇದ್ದರೆ ಫ್ರೀವೀಲಿನ ಸೈಕಲ್ಲಿಗೆ ನಾನು ಒಪ್ಪಿಕೊಂಡೇನು, ಫಿಕ್ಸೆಡ್ ಸೈಕಲ್ಲಿಗೆ ಒಪ್ಪಲಾರೆ. ಫಿಕ್ಸೆಡ್‌ನಲ್ಲಿ ಓಡುವಾಗ ಚೈನು ಕಳಚಿದರೆ ಹಿಂದಿನ ಚಕ್ರವೇ ಸಿಕ್ಕಿಹಾಕಿಕೊಳ್ಳಬಹುದು.

ಕ್ಯಾಸೆಟ್ ಹಬ್ಬಿನ ದೊಡ್ಡ ಅನುಕೂಲ ಇಲ್ಲಿಯೇ ಇದೆ. ಒಂದು ಸ್ಪ್ರಾಕೆಟ್ಟನ್ನೂ ಎರಡು ಬದಿಗೆ ಸ್ಪೇಸರ್‌ಗಳನ್ನೂ ಹಾಕಿದರೆ ಸ್ಪ್ರಾಕೆಟ್ಟನ್ನು ಬೇಕಾದಲ್ಲಿಗೆ ಸರಿಸಬಹುದು. 135ರ ಹಬ್ಬಿನಲ್ಲಿ ಲಾಕ್‌ನಟ್ಟಿನಿಂದ 20 ಮಿ.ಮೀ. ಒಳಗೆ ಸ್ಪ್ರಾಕೆಟ್ ಕೂರಿಸಿದರೆ 67.5ರಿಂದ 20 ಕಳೆದು 47.5 ಮಿ.ಮೀ.; ಮೂರು ಚೈನ್‌ರಿಂಗಿನ ಮೌಂಟನ್ ಬೈಕ್ ಕ್ರ್ಯಾಂಕಿನ ನಡುವಿನ ರಿಂಗಿಗೆ ಅದು ಸರಿಹೊಂದುತ್ತದೆ. ಹಳೆಯ ಕ್ಯಾಸೆಟ್ಟಿನಿಂದ ಒಂದು ಸ್ಪ್ರಾಕೆಟ್ ಕಿತ್ತು ಬಳಸುವವರು ಎರಡು ವಿಷಯ ಗಮನಿಸಬೇಕು. ಒಂದು, ಅದರ ಹಲ್ಲುಗಳು ಚೈನು ಸುಲಭವಾಗಿ ದಾಟಿಹೋಗಲೆಂದೇ ಕತ್ತರಿಸಿದಂಥವು. ಚೈನು ದಾಟಬಾರದ ಜಾಗದಲ್ಲಿ ಅವು ಬೇಡ. ಎರಡು, ಆ ಸ್ಪ್ರಾಕೆಟ್ಟಿನ ತೆಳುವಾದ ಬುಡ ಅಲ್ಯೂಮಿನಿಯಂ ಫ್ರೀಹಬ್ಬಿನ ಗೀರುಗಳನ್ನು ಕಡಿದುಹಾಕುತ್ತದೆ. ಸಿಂಗಲ್‌ಸ್ಪೀಡಿಗೆಂದೇ ಮಾಡಿದ, ಬುಡ ಅಗಲವಾಗಿ ಹಲ್ಲು ಎತ್ತರವಾಗಿರುವ ಸ್ಪ್ರಾಕೆಟ್ಟನ್ನೇ ಕೊಳ್ಳಿ.

ಚೈನಿನ ಅಗಲದ ವಿಷಯ ಚಿಕ್ಕದು. ಒಳಗಿನ ತಗಡುಗಳ ನಡುವೆ ಹಲ್ಲು ಕೂರುವ ಒಳ ಅಗಲ ಎರಡು ಬಗೆಯದು: ಟ್ರ್ಯಾಕ್, ಬಿಎಂಎಕ್ಸ್‌ಗಳಲ್ಲಿ 1/8 ಇಂಚು, ಗೇರು ಸೈಕಲ್ಲುಗಳಿಂದ ಬಂದ ಭಾಗಗಳಲ್ಲಿ 3/32 ಇಂಚು. ಅಗಲವಾದ ಚೈನು ಕಿರಿದಾದ ಹಲ್ಲಿನ ಮೇಲೆ ಓಡುತ್ತದೆ, ಕೊಂಚ ಸದ್ದು ಮಾಡಬಹುದು. ಕಿರಿದಾದ ಚೈನು ಅಗಲವಾದ ಹಲ್ಲಿನ ಮೇಲೆ ಕೂರುವುದೇ ಇಲ್ಲ. ಚೈನ್‌ರಿಂಗ್ ಮತ್ತು ಸ್ಪ್ರಾಕೆಟ್ಟುಗಳಲ್ಲಿ ಯಾವುದಾದರೂ ಒಂದು 1/8 ಆಗಿದ್ದರೆ ಚೈನೂ 1/8 ಆಗಿರಬೇಕು ಎಂಬಷ್ಟು ನೆನಪಿಟ್ಟರೆ ಸಾಕು. ಹಲ್ಲುಗಳು ಒಂದು ದಪ್ಪ ಒಂದು ತೆಳು ಇರುವ ಹೊಸ ಬಗೆಯ ಚೈನ್‌ರಿಂಗ್‌ಗಳಿಗೆ ಅರೆಕೊಂಡಿ (ಒಂದು ತುದಿ ಅಗಲ, ಇನ್ನೊಂದು ಕಿರಿದಾದ ಒಂಟಿ ಕೊಂಡಿ) ಸೇರಿಸಿದ ಚೈನು ಹೊಂದುವುದಿಲ್ಲ, ಏಕೆಂದರೆ ಅಗಲ ಕಿರಿದುಗಳ ಸರದಿ ಅಲ್ಲಿ ತಪ್ಪಿಹೋಗುತ್ತದೆ. ಹಳೆಯ ಚೈನನ್ನು ಹೊಸ ಸ್ಪ್ರಾಕೆಟ್ಟಿಗೆ ಹಾಕುವ ಉಳಿತಾಯವೂ ಬೇಡ.

ಎಷ್ಟು ಹಲ್ಲು ಎಂಬ ಪ್ರಶ್ನೆಯನ್ನು ಎಲ್ಲರೂ ಮೊದಲು ಕೇಳುತ್ತಾರೆ; ನಾನು ಬೇಕೆಂದೇ ಇಷ್ಟು ಹಿಂದಕ್ಕೆ ತಳ್ಳಿದ್ದೇನೆ. ಮುಂದಿನ ಹಲ್ಲುಗಳನ್ನು ಹಿಂದಿನ ಹಲ್ಲುಗಳಿಂದ ಭಾಗಿಸಿ, ಟೈರಿನ ಸುತ್ತಳತೆಯಿಂದ ಗುಣಿಸಿದರೆ ಪೆಡಲಿನ ಒಂದು ಸುತ್ತಿಗೆ ಎಷ್ಟು ದೂರ ಸಾಗುತ್ತೇವೆ ಎಂದು ತಿಳಿಯುತ್ತದೆ. 700ಸಿ ರಿಮ್ಮಿನ ಮೇಲೆ 25 ಮಿ.ಮೀ. ಟೈರಿದ್ದರೆ ಸುತ್ತಳತೆ ಸುಮಾರು 2.1 ಮೀಟರ್. 44 ಮತ್ತು 16ರ ಜೋಡಿಯಲ್ಲಿ ಅನುಪಾತ 2.75, ದೂರ ಸುಮಾರು 5.8 ಮೀಟರ್, ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 31 ಕಿ.ಮೀ. 42 ಮತ್ತು 18ರಲ್ಲಿ ಅನುಪಾತ 2.33, ದೂರ 4.9 ಮೀಟರ್, ಅದೇ ತುಳಿತಕ್ಕೆ 26 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಏರು ಹೆಚ್ಚಿರುವ ಕಡೆ ಎರಡನೆಯದನ್ನು, ಸಮತಟ್ಟಿನಲ್ಲಿ ಮೊದಲನೆಯದಕ್ಕೆ ಹತ್ತಿರದ್ದನ್ನು ಆರಿಸಬಹುದು. ಸಂದೇಹವಿದ್ದರೆ ಹಗುರವಾದದ್ದೇ ಇರಲಿ, ಮೊಣಕಾಲು ನಿಮ್ಮದು.

ಅದೇ ಅನುಪಾತವನ್ನು ಚಿಕ್ಕ ಹಲ್ಲುಚಕ್ರಗಳಿಂದಲೂ ಪಡೆಯಬಹುದು. 33 ಮತ್ತು 12ರ ಜೋಡಿಯಲ್ಲೂ ಅನುಪಾತ 2.75. ತೂಕ ಉಳಿಯುತ್ತದೆ ನಿಜ. ಆದರೆ ಪೆಡಲಿನ ಮೇಲೆ ಅಷ್ಟೇ ಬಲ ಹಾಕಿದಾಗ ಚೈನಿನ ಮೇಲೆ ಬೀಳುವ ಎಳೆತ 44ರ ರಿಂಗಿಗಿಂತ ಮೂರನೇ ಒಂದು ಪಾಲು ಹೆಚ್ಚು, ಅದನ್ನು ಹೊರಲು ಇರುವ ಹಲ್ಲುಗಳು ಕಡಿಮೆ. ಜಾಗ ಇರುವವರಿಗೆ ದೊಡ್ಡ ಜೋಡಿಯೇ ಬಾಳಿಕೆಯದು.

ವಿಷಯ ಬಿಟ್ಟು ತುಸು ಬದಿಗೆ ಸರಿಯುತ್ತೇನೆ, ಫಿಕ್ಸೆಡ್ ಗೇರಿನವರಿಗಾಗಿ. ಹಿಂಚಕ್ರವನ್ನು ಕಾಲಿನಿಂದ ತಡೆದು ಜಾರಿಸುವವರ ಟೈರು ಒಂದೇ ಕಡೆ ಏಕೆ ಸವೆಯುತ್ತದೆ ಎಂಬುದು ಶುದ್ಧ ಭಿನ್ನರಾಶಿಯ ಲೆಕ್ಕ. ಅನುಪಾತವನ್ನು ಕನಿಷ್ಠ ರೂಪಕ್ಕೆ ಇಳಿಸಿದಾಗ ಛೇದದಲ್ಲಿ ಉಳಿಯುವ ಸಂಖ್ಯೆಯಷ್ಟು ಜಾಗಗಳಲ್ಲಿ ಟೈರು ನೆಲಕ್ಕೆ ಉಜ್ಜುತ್ತದೆ. 48 ಮತ್ತು 16ರಲ್ಲಿ ಅಂಶ ಮೂರು, ಛೇದ ಒಂದು. ಸದಾ ಒಂದೇ ಕಾಲು ಮುಂದಿಟ್ಟು ಜಾರಿಸುವವರ ಟೈರು ಒಂದೇ ಜಾಗದಲ್ಲಿ ಸವೆದು ತೂತಾಗುತ್ತದೆ. 46 ಮತ್ತು 16ರಲ್ಲಿ ಎಂಟು ಜಾಗ. 47 ಮತ್ತು 16ರಲ್ಲಿ ಹದಿನಾರು. ಒಂದೇ ಒಂದು ಹಲ್ಲಿನ ವ್ಯತ್ಯಾಸಕ್ಕೆ ಟೈರಿನ ಆಯುಸ್ಸು ಇಷ್ಟು ಬದಲಾಗುವುದು ನನಗೆ ಈಗಲೂ ಸೋಜಿಗ.

ಚೈನ್‌ರಿಂಗ್ ಕೂರುವ ಬೋಲ್ಟುಗಳ ವೃತ್ತದ ವ್ಯಾಸವನ್ನು ನೋಡದೆ ಕ್ರ್ಯಾಂಕ್ ಕೊಳ್ಳಬಾರದು. ಟ್ರ್ಯಾಕ್ ಕ್ರ್ಯಾಂಕ್‌ಗಳಲ್ಲಿ ಬಹುವಾಗಿ 144 ಮಿ.ಮೀ., ರೋಡಿನವುಗಳಲ್ಲಿ 130 ಅಥವಾ 110, ನಾಲ್ಕು ಬೋಲ್ಟಿನ ಮೌಂಟನ್ ಕ್ರ್ಯಾಂಕ್‌ಗಳಲ್ಲಿ 104. ವೃತ್ತ ದೊಡ್ಡದಾದಷ್ಟೂ ಚಿಕ್ಕ ಚೈನ್‌ರಿಂಗ್ ಹಾಕಲಾಗದು. 130ರಲ್ಲಿ 38 ಹಲ್ಲು, 104ರಲ್ಲಿ ಸಾಮಾನ್ಯವಾಗಿ 32 ಹಲ್ಲು ಕೆಳಮಿತಿ. ಎರಡು ರಿಂಗಿನ ಹಳೆಯ ರೋಡ್ ಕ್ರ್ಯಾಂಕಿನಲ್ಲಿ ಒಂದೇ ರಿಂಗ್ ಇಡುವಾಗ ಗಿಡ್ಡ ಬೋಲ್ಟುಗಳು ಬೇಕು, ಉದ್ದದವು ತಳ ಕಂಡರೂ ರಿಂಗನ್ನು ಬಿಗಿಹಿಡಿಯವು. ಆ ಬಗೆಯ ಕ್ರ್ಯಾಂಕಿಗೆ ಹೇಳುವ 43.5 ಮಿ.ಮೀ. ಚೈನ್‌ಲೈನ್ ಎರಡು ರಿಂಗುಗಳ ನಡುವಣ ಬಿಂದುವಿನದು. ಒಳಗಿನ ರಿಂಗಿನ ಜಾಗ ಅದಕ್ಕಿಂತ ಮೂರೂವರೆ ಮಿ.ಮೀ.ನಷ್ಟು ಒಳಗೆ, ಹೊರಗಿನದು ಅಷ್ಟೇ ಹೊರಗೆ.

ಇಷ್ಟಾದ ಮೇಲೂ ಉಳಿದ ಒಂದೆರಡು ಮಿ.ಮೀ. ವ್ಯತ್ಯಾಸವನ್ನು ತುಂಬುವ ಭಾಗವೇ ಬಾಟಮ್ ಬ್ರ್ಯಾಕೆಟ್. ಎರಡು ಕ್ರ್ಯಾಂಕ್‌ಗಳನ್ನು ಕೂಡಿಸುವ ದಂಡಗಳು, ಅಂದರೆ ಚೌಕ ತುದಿಯ ಸ್ಪಿಂಡಲ್‌ಗಳು 103, 107, 110, 113, 118 ಹೀಗೆ ಹಲವು ಉದ್ದಗಳಲ್ಲಿ ಸಿಗುತ್ತವೆ. ಎರಡೂ ಬದಿ ಸಮನಾಗಿರುವ ಸ್ಪಿಂಡಲ್ಲಿನಲ್ಲಿ ಉದ್ದದ ವ್ಯತ್ಯಾಸದ ಅರ್ಧದಷ್ಟು ಚೈನ್‌ಲೈನ್ ಬದಲಾಗುತ್ತದೆ. 110ರ ಬದಲು 113 ಹಾಕಿದರೆ ಚೈನ್‌ರಿಂಗ್ ಒಂದೂವರೆ ಮಿ.ಮೀ. ಹೊರಕ್ಕೆ ಬರುತ್ತದೆ. ಆದರೆ ಚೌಕ ತುದಿಯಲ್ಲೂ ಜೆಐಎಸ್ (ಜಪಾನಿನ ಮಾನದಂಡ), ಐಎಸ್‌ಒ (ಅಂತರರಾಷ್ಟ್ರೀಯ ಮಾನದಂಡ) ಎಂಬ ಎರಡು ಪಂಗಡಗಳಿವೆ. ಎರಡರ ಇಳಿಜಾರೂ ಒಂದೇ, ತುದಿಯ ದಪ್ಪ ಮಾತ್ರ ಬೇರೆ. ಐಎಸ್‌ಒ ಕ್ರ್ಯಾಂಕನ್ನು ಜೆಐಎಸ್ ಸ್ಪಿಂಡಲ್ಲಿಗೆ ಹಾಕಿದರೆ ಅದು ಸುಮಾರು ನಾಲ್ಕೂವರೆ ಮಿ.ಮೀ. ಹೊರಗೇ ನಿಲ್ಲುತ್ತದೆ. ಕೂರುವುದೇನೋ ಕೂರುತ್ತದೆ, ಆದರೆ ನಿಮ್ಮ ಲೆಕ್ಕವೆಲ್ಲ ತಲೆಕೆಳಗು. ಸ್ಪಿಂಡಲ್ ಕ್ರ್ಯಾಂಕಿಗೇ ಅಂಟಿಕೊಂಡಿರುವ ಈಚಿನ ಮಾದರಿಗಳಲ್ಲಿ ಈ ಹೊಂದಾಣಿಕೆಗೆ ಆಸ್ಪದವಿಲ್ಲ. ಅಂಥದ್ದು ನಿಮ್ಮಲ್ಲಿದ್ದರೆ ಹಿಂದೆ ಕ್ಯಾಸೆಟ್ ಹಬ್ ಹಾಕಿ ಸ್ಪ್ರಾಕೆಟ್ಟನ್ನೇ ಅದಕ್ಕೆ ತಕ್ಕಂತೆ ಸರಿಸಿ. ಫ್ರೇಮಿನ ಥ್ರೆಡ್ಡನ್ನೂ ನೋಡಿಕೊಳ್ಳಿ: ಇಂಗ್ಲಿಷ್ ಮಾನದಂಡದಲ್ಲಿ ಬಾಟಮ್ ಬ್ರ್ಯಾಕೆಟ್ ಕೂರುವ ಚಿಪ್ಪಿನ ಅಗಲ 68 ಮಿ.ಮೀ., ಬಲಬದಿ ಎಡಗೈ ಥ್ರೆಡ್. ಇಟಾಲಿಯನ್‌ನಲ್ಲಿ 70 ಮಿ.ಮೀ., ಎರಡೂ ಬದಿ ಬಲಗೈ ಥ್ರೆಡ್.

ಚಕ್ರದ ಬಗ್ಗೆ ಉಳಿದ ಮಾತು. ರಿಮ್ಮಿನ ಹೆಸರನ್ನು ನಂಬಬೇಡಿ, ಟೈರಿನ ಅಂಚು ಕೂರುವ ವ್ಯಾಸವನ್ನು ಮಿ.ಮೀ.ಗಳಲ್ಲಿ ಓದಿ. 700ಸಿ ಎಂದರೆ 622, 27 ಇಂಚು ಎಂದರೆ 630, 28 ಇಂಚು ಎಂದು ಕರೆಸಿಕೊಳ್ಳುವುದು 622 ಆಗಿರಬಹುದು, 635ಕ್ಕೂ ಅದೇ ಹೆಸರಿದೆ. 26 ಇಂಚಿನ ಹೆಸರಿನಲ್ಲಿ 559ರ ರಿಮ್ಮೂ ಇದೆ, 590ರದ್ದೂ ಇದೆ. ಹಳೆಯ 27 ಇಂಚಿನ ಫ್ರೇಮಿಗೆ 700ಸಿ ಚಕ್ರ ಹಾಕುವುದು ಒಳ್ಳೆಯ ಆಲೋಚನೆಯೇ, ಟೈರುಗಳ ಆಯ್ಕೆ ಹೆಚ್ಚು. ಆದರೆ ಬ್ರೇಕ್ ಪ್ಯಾಡುಗಳು 4 ಮಿ.ಮೀ. ಕೆಳಕ್ಕೆ ಇಳಿಯಬೇಕು. ನಿಮ್ಮ ಬ್ರೇಕಿಗೆ ಅಷ್ಟು ಚಾಚು ಉಂಟೇ ಎಂದು ಮೊದಲೇ ನೋಡಿ. ಕೆಲವು ಟ್ರ್ಯಾಕ್ ರಿಮ್‌ಗಳಿಗೆ ಬ್ರೇಕ್ ಹಿಡಿಯುವ ಪಟ್ಟಿಯೇ ಇರುವುದಿಲ್ಲ. ಬ್ರೇಕ್ ಹಾಕುವವರಿಗೆ ಅವು ಬೇಡ.

ಐದಾರು ಗೇರಿನ ಹಳೆಯ ಚಕ್ರವನ್ನೇ ಬಳಸುವವರಿಗೆ ಒಂದು ಲಾಭವಿದೆ. ಫ್ರೀವೀಲಿನ ಗೊಂಚಲಿಗೆ ಜಾಗ ಕೊಡಲೆಂದು ಆ ಚಕ್ರದ ಬಲಬದಿಯ ಕಡ್ಡಿಗಳನ್ನು ಹೆಚ್ಚು ನೇರವಾಗಿಯೂ ಬಿಗಿಯಾಗಿಯೂ ಎಳೆದಿರುತ್ತಾರೆ, ಎಡಬದಿಯವು ಸಡಿಲ. ಸಿಂಗಲ್‌ಸ್ಪೀಡಿಗೆ ಆ ಜಾಗ ಬೇಡವಾದ್ದರಿಂದ ಬಲಬದಿಯ ಸ್ಪೇಸರ್‌ಗಳನ್ನು ಎಡಕ್ಕೆ ಸಾಗಿಸಿ, ರಿಮ್ಮನ್ನು ಮತ್ತೆ ನಡುವಿಗೆ ತಂದರೆ ಎರಡೂ ಬದಿಯ ಕಡ್ಡಿಗಳ ಬಿಗಿತ ಸಮಕ್ಕೆ ಹತ್ತಿರವಾಗಿ ಚಕ್ರ ಗಟ್ಟಿಯಾಗುತ್ತದೆ. ಚೈನ್‌ಲೈನೂ ಆಗ ಬದಲಾಗುತ್ತದೆ, ಆದ್ದರಿಂದ ಈ ಕೆಲಸ ಬಾಟಮ್ ಬ್ರ್ಯಾಕೆಟ್ ಕೊಳ್ಳುವ ಮುನ್ನವೇ ಮುಗಿದಿರಬೇಕು. ಹಿಂದಕ್ಕೆ ತೆರೆದ ಸೀಳುಗಳಿಗೆ ಗಟ್ಟಿ ಆಕ್ಸಲ್ ಮತ್ತು ನಟ್ಟುಗಳೇ ಒಳ್ಳೆಯವು. ಜೋರಾಗಿ ತುಳಿದಾಗ ಚೈನಿನ ಎಳೆತ ಬಲಬದಿಯ ತುದಿಯನ್ನೇ ಮುಂದಕ್ಕೆ ಜಗ್ಗುವುದರಿಂದ ಆ ಬದಿಗೆ ಆಕ್ಸಲನ್ನು ಹಿಂದಕ್ಕೆ ಹಿಡಿದಿಡುವ ಚೈನ್ ಟಗ್ ಹಾಕಿದರೆ ಇನ್ನೂ ಒಳ್ಳೆಯದು.

ಎಲ್ಲ ಜೋಡಿಸಿದ ಮೇಲೆ ಕ್ರ್ಯಾಂಕನ್ನು ನಿಧಾನವಾಗಿ ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಿ. ಚೈನು ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲವಾದರೆ ಚೈನ್‌ರಿಂಗ್ ನಡುವಿನಲ್ಲಿ ಕೂತಿಲ್ಲ ಎಂದರ್ಥ. ಅದರ ಬೋಲ್ಟುಗಳನ್ನು ತುಸು ಸಡಿಲಿಸಿ, ಬಿಗಿಯಾದ ಜಾಗದಲ್ಲಿ ಚೈನನ್ನು ಹಗುರವಾಗಿ ತಟ್ಟಿ, ಮತ್ತೆ ಬಿಗಿಯಿರಿ. ಅತಿ ಬಿಗಿಯಾದ ಜಾಗದಲ್ಲಿಯೂ ಎಳೆಯ ನಡುಭಾಗ ಮೇಲೆ ಕೆಳಗೆ ಒಟ್ಟು 10ರಿಂದ 12 ಮಿ.ಮೀ. ಆಡುವಂತಿರಬೇಕು, ಅದಕ್ಕಿಂತ ಬಿಗಿಯಾದರೆ ಬೇರಿಂಗುಗಳು ನರಳುತ್ತವೆ. 1/8 ಇಂಚಿನ ಚೈನಿನ ತುದಿಗಳನ್ನು ಕೂಡಿಸುವ ಕ್ಲಿಪ್ಪು ಹಾಕುವಾಗ ಅದರ ಮುಚ್ಚಿದ ತುದಿ ಚೈನು ಸಾಗುವ ದಿಕ್ಕಿಗೆ ಇರಲಿ. ಫಿಕ್ಸೆಡ್ ಸ್ಪ್ರಾಕೆಟ್ ಹಾಕಿದವರು ಮೊದಲ ಸಲ ಒಂದು ಏರನ್ನು ಜೋರಾಗಿ ತುಳಿದು ಹತ್ತಿ ಬಂದ ಮೇಲೆ ಲಾಕ್‌ರಿಂಗನ್ನು ಇನ್ನೊಮ್ಮೆ ಬಿಗಿಯಬೇಕು. ತುಳಿತಕ್ಕೆ ಸ್ಪ್ರಾಕೆಟ್ ಒಳಕ್ಕೆ ಇನ್ನಷ್ಟು ತಿರುಗಿ ಕೂತು ಅವೆರಡರ ನಡುವೆ ಕೂದಲೆಳೆಯ ಸಂದು ಬಿಟ್ಟಿರುತ್ತದೆ.